ಅಪ್ಪನ ಸೋಪು, ಅಜ್ಜಿಯ ಮಗ್ಗಿ

ತಾಯಿ ತೀರಿಹೋದ ಮನೆಯಲ್ಲಿ ನಗುವ ಸಂಗತಿಗಳೇ ಹೆಚ್ಚು ನಡೆಯುತ್ತವೆ ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಹಾಗೇ ಆಯಿತು. ವಾರಕ್ಕೊಂದು ತಪ್ಪದೆ ನಡೆಯುತ್ತಿತ್ತು. ನಕ್ಕು ಮುಗಿಸಿ ಕಣ್ಣು ಒರೆಸಿಕೊಳ್ಳುವಾಗ ಇದು ಯಾವ ನೀರು ಎಂದು ನಾನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ಆಗ ನಾವು ಹಳೇಬೀಡಿನಲ್ಲಿದ್ದೆವು. ನಯಾ ಪೈಸೆ ಬಂದ ಹೊಸದು. ಅಪ್ಪ ಅಲ್ಲಿನ ಶಾಲೆಯಲ್ಲಿ ಮೂರನೇ ತರಗತಿಯ ಮೇಷ್ಟ್ರು. ನಾನು ಮಿಡ್ಲ್ ಸ್ಕೂಲಿನ ಕೊನೆಯ ವರ್ಷದಲ್ಲಿದ್ದೆ. ಪಾಸಾದರೆ ಬೇಲೂರಿನ ಹೈಸ್ಕೂಲು, ದಿನಾ ಬಸ್ಸಿನಲ್ಲಿ ಹೋಗಿಬರುವುದು ಎಂದು ಅಮ್ಮ ಇದ್ದಾಗಲೇ ತೀರ್ಮಾನವಾಗಿತ್ತು. ದಸರಾ ಕಳೆದು ಹದಿನೈದು ದಿನಕ್ಕೆ ಅಮ್ಮನಿಗೆ ಜ್ವರ ಬಂತು. ಮೂರೇ ದಿನ. ಹೋಗಿಬಿಟ್ಟಳು.

ಹದಿಮೂರನೇ ದಿನದ ಊಟ ಮುಗಿಯುತ್ತಲೇ ಬಾಣಾವರದ ಸೋದರತ್ತೆ ಅಪ್ಪನನ್ನು ಜಗುಲಿಗೆ ಕರೆದರು. ಅತ್ತೆ ಅಪ್ಪನಿಗೆ ತಂಗಿ, ಆದರೆ ಮಾತಿನಲ್ಲಿ ಯಾವಾಗಲೂ ಅಕ್ಕ.

“ಅಣ್ಣ, ಗಂಡಸು ಮನೆ ನಡೆಸೋದು ಆಗೋ ಮಾತಲ್ಲ. ಒಂದೋ ನೀನು ಇನ್ನೊಂದು ಮದುವೆ ಆಗು, ಗೆಂಡೆಹಳ್ಳೀಲಿ ಒಂದು ಹುಡುಗಿ ಇದೆ. ಇಲ್ಲಾ ಇವಳನ್ನ ನನ್ನ ಜೊತೆ ಕಳಿಸು. ಮನೆಗೆಲಸ ಕಲೀಲಿ, ಎರಡು ವರ್ಷಕ್ಕೆ ನಾನೇ ಗಂಡು ನೋಡ್ತೀನಿ.”

“ಎರಡೂ ಬೇಡ ಕಣೇ. ಮನೆ ನಾನು ನೋಡ್ಕೋತೀನಿ. ಇವಳು ಓದಲಿ,” ಅಂದರು ಅಪ್ಪ.

“ಸರಿ. ಯುಗಾದಿ ಕಳೆದ್ಮೇಲೆ ಬರ್ತೀನಿ. ಹಿತ್ತಲು ಹಸಿರಾಗಿರಬೇಕು, ಬಟ್ಟೆ ಬೆಳ್ಳಗಿರಬೇಕು, ಮನೆ ಮನೆ ಥರ ಇರಬೇಕು. ಇಲ್ದೇ ಇದ್ರೆ ಇವಳ ಪೆಟ್ಟಿಗೆ ನಾನೇ ಕಟ್ತೀನಿ.”

ಅತ್ತೆಯ ಬಸ್ಸು ಮರೆಯಾದ ಮೇಲೆ ಅಪ್ಪ ನನ್ನ ಕಡೆ ತಿರುಗಿ, “ಹೆದರ್ಕೋಬೇಡ. ಹಿತ್ತಲು, ಬಟ್ಟೆ. ಎರಡೇ ಸಬ್ಜೆಕ್ಟು,” ಅಂದರು.

ಹುರಿದ ಬೀಜ

ಅಮ್ಮ ತರಕಾರಿ ಬೀಜಗಳನ್ನು ಬೂದಿಯಲ್ಲಿ ಕಲಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಒಲೆಯ ಮೇಲಿನ ತೊಲೆಗೆ ನೇತುಹಾಕುತ್ತಿದ್ದಳು. ಯಾವ ಗಂಟಿನಲ್ಲಿ ಯಾವ ಬೀಜ ಎಂದು ಎಲ್ಲೂ ಬರೆದಿರಲಿಲ್ಲ. ಅವಳಿಗೆ ಗೊತ್ತಿತ್ತು, ಅಷ್ಟೇ ಸಾಕಾಗಿತ್ತು. ಅಪ್ಪ ಎಲ್ಲವನ್ನೂ ಇಳಿಸಿ, ಒಂದೊಂದನ್ನೇ ಅಂಗೈಗೆ ಸುರಿದುಕೊಂಡು ಕನ್ನಡಕದ ಹತ್ತಿರ ಹಿಡಿದು, ಇದು ಬದನೆ, ಇದು ದಂಟು, ಇದು ಹೀರೆ ಎಂದು ತೀರ್ಪು ಕೊಟ್ಟರು. ಪಾತಿ ಮಾಡಿ ಬಿತ್ತಿ, ಪಾತಿಗೊಂದು ಕಡ್ಡಿ ನೆಟ್ಟು, ಕಡ್ಡಿಗೆ ರಟ್ಟಿನ ಚೀಟಿ ಸಿಕ್ಕಿಸಿದರು. ಅಕ್ಷರ ಮುತ್ತಿನ ಹಾಗೆ.

ಬದನೆ ಎಂದು ಬರೆದ ಪಾತಿಯಲ್ಲಿ ಮೆಣಸಿನ ಸಸಿ ಬಂತು. ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ, ಚೀಟಿ ಬದಲಾಯಿಸಿದರು. ಕುಂಬಳ ಎಂದು ಬರೆದ ಪಾತಿಯಲ್ಲಿ ಮಾತ್ರ ಏನೂ ಬರಲಿಲ್ಲ. ಹುಲ್ಲೂ ಬರಲಿಲ್ಲ. ಅಪ್ಪ ಶಾಲೆಗೆ ಹೊರಡುವ ಮುಂಚೆ ಒಂದು ಕೊಡ, ಬಂದ ಮೇಲೆ ಒಂದು ಕೊಡ ನೀರು ಹೊಯ್ಯುತ್ತಿದ್ದರು. ಹದಿನೈದು ದಿನವಾಯಿತು.

“ಅಪ್ಪ, ಕುಂಬಳದ ಬೀಜ ಯಾವ ಗಂಟಿನಲ್ಲಿತ್ತು?” ಎಂದು ಕೇಳಿದೆ.

“ಗಂಟಿನಲ್ಲಿ ಇರಲಿಲ್ಲ. ಗೂಡಿನಲ್ಲಿ ಒಂದು ಸಣ್ಣ ಡಬ್ಬಿ ಇತ್ತಲ್ಲ, ಅದರಲ್ಲಿ.”

ಜ್ವರ ಬರುವ ಹಿಂದಿನ ದಿನ ಅಮ್ಮ ಉಪ್ಪುನೀರು ಚಿಮುಕಿಸಿ ನನಗೆಂದು ಹುರಿದಿಟ್ಟ ಬೀಜ ಅದು. ತಿಂದರೆ ಮುಗಿದುಹೋಗುತ್ತದೆ ಎಂದು ನಾನು ಮುಟ್ಟಿರಲಿಲ್ಲ. ಹೇಳಬಾರದು ಅಂದುಕೊಂಡರೂ ಬಾಯಿಂದ ಬಂದೇಬಿಟ್ಟಿತು. ಅಪ್ಪ ಕೊಡ ಹಿಡಿದುಕೊಂಡು ನಿಂತಲ್ಲೇ ನಿಂತರು.

“ನಿಮ್ಮಮ್ಮ ಹುರಿದದ್ದಾ?”

“ಹೂಂ.”

ಬಗ್ಗಿ ಪಾತಿಯ ಮಣ್ಣು ಮುಟ್ಟಿ ನೋಡಿದರು. ಆಮೇಲೆ ಮೆಲ್ಲಗೆ ನೀರು ಹೊಯ್ಯುತ್ತಾ, “ಅವಳು ಯಾವತ್ತೂ ಪೂರ್ತಿ ಹುರೀತಿರಲಿಲ್ಲ ಕಣೇ. ಇನ್ನೆರಡು ದಿನ ನೋಡೋಣ,” ಅಂದರು.

ಕೊಳೆ ಹೋದದ್ದು

ಅಮ್ಮ ಬಟ್ಟೆ ಸೋಪು ಮನೆಯಲ್ಲೇ ಮಾಡುತ್ತಿದ್ದಳು. ಬೇಲೂರಿನ ಮಹಿಳಾ ಸಮಾಜದಲ್ಲಿ ಒಂದು ದಿನ ತೋರಿಸಿದ್ದರಂತೆ, ಕಲಿತು ಬಂದಿದ್ದಳು. ಅರಸೀಕೆರೆ ಸಂತೆಯ ಅಗ್ಗದ ಕೊಬ್ಬರಿಯ ಎಣ್ಣೆ, ಕಾಸ್ಟಿಕ್ ಸೋಡ, ಒಂದಿಷ್ಟು ಕಡಲೆಹಿಟ್ಟು, ಗಟ್ಟಿಯಾಗುವುದಕ್ಕೆ ಬಳಪದ ಪುಡಿ. ಎಲ್ಲ ಕಲಸಿ ತೆಂಗಿನ ಕರಟಗಳಿಗೆ ಹೊಯ್ದು ಬಿಟ್ಟರೆ ಮೂರು ದಿನಕ್ಕೆ ಗಟ್ಟಿಯಾಗುತ್ತಿತ್ತು. ನಮ್ಮ ಮನೆಯ ಸೋಪು ಅರ್ಧ ತೆಂಗಿನಕಾಯಿಯ ಆಕಾರ.

ಅಮ್ಮ ಮಾಡಿದ ಸೋಪಿನಲ್ಲಿ ಒಂದು ಉಳಿದಿತ್ತು. “ಇದನ್ನ ಉಪಯೋಗಿಸಬಾರದು. ಇದು ಮಾದರಿ,” ಎಂದು ಅಪ್ಪ ಅದನ್ನು ಅಡುಗೆಮನೆಯ ಗೂಡಿನಲ್ಲಿಟ್ಟರು. ದಿನಕ್ಕೆರಡು ಸಲ ತೆಗೆದು ಮೂಸಿ ನೋಡಿ ಮತ್ತೆ ಅಲ್ಲೇ ಇಡುತ್ತಿದ್ದರು. ಮಾದರಿಯನ್ನು ಅಷ್ಟು ಸಲ ಯಾಕೆ ಮೂಸಬೇಕು ಎಂದು ನಾನು ಕೇಳಲಿಲ್ಲ.

ಅಳತೆ ಅಪ್ಪನಿಗೆ ಗೊತ್ತಿರಲಿಲ್ಲ. ಹೆಚ್ಚು ಸೋಡ ಹಾಕಿದರೆ ಹೆಚ್ಚು ಬೆಳ್ಳಗಾಗುತ್ತದೆ ಎಂಬುದು ಅವರ ಲೆಕ್ಕ. ಮೊದಲನೇ ಸಲ ಮಾಡಿದ ಸೋಪಿನಲ್ಲಿ ತಮ್ಮ ಒಳ್ಳೆಯ ಪಂಚೆಯನ್ನೇ ನೆನೆಸಿಟ್ಟು ಶಾಲೆಗೆ ಹೋದರು. ಸಾಯಂಕಾಲ ಬಂದು ಜಾಲಾಡಿ, ಹರವಿ, ಬೆಳಕಿಗೆ ಎತ್ತಿ ಹಿಡಿದರು. ಹಂಸದ ಹಾಗೆ ಬೆಳ್ಳಗಿತ್ತು. ನಡುವೆ ಒಂದು ತಲೆ ತೂರುವಷ್ಟು ದೊಡ್ಡ ತೂತು, ಸುತ್ತ ಮರಿ ತೂತುಗಳು.

ಅತ್ತೆಯ ಮುಖ ನನ್ನ ಕಣ್ಣ ಮುಂದೆ ಬಂದು ಅಳುವೇ ಬಂತು. ಅಪ್ಪ ಆ ದೊಡ್ಡ ತೂತಿನಿಂದ ನನ್ನನ್ನು ನೋಡಿ ಅಂದರು: “ಕೊಳೆ ಏನೋ ಪೂರ್ತಿ ಹೋಗಿದೆ ಕಣೇ.”

ಬಳಪ ಎಲ್ಲಿ

ಎರಡನೇ ಸಲ ಸೋಡ ಕಡಿಮೆ ಮಾಡಿದರು. ಈಗ ಬಳಪದ ಪುಡಿ ಸಾಲಲಿಲ್ಲ, ಸೋಪು ಗಂಜಿಯಾಯಿತು. ನಮ್ಮೂರಿನ ದೇವಸ್ಥಾನವೇ ಬಳಪದ ಕಲ್ಲಿನದು, ಆದರೆ ದೇವರನ್ನು ಕುಟ್ಟುವಂತಿಲ್ಲವಲ್ಲ. ಅಪ್ಪನಿಗೆ ತರಗತಿಯ ನೆನಪಾಯಿತು. ಮಕ್ಕಳು ಬರೆದು ಬರೆದು ಬಿಸಾಡುವ ಬಳಪದ ಚೂರು ನೆಲದ ತುಂಬ ಬಿದ್ದಿರುತ್ತಿತ್ತು.

“ಕೈಗೆ ಸಿಗದಷ್ಟು ಸಣ್ಣದಾದ ಚೂರು ಇದ್ದರೆ ಬಿಸಾಡಬೇಡಿ, ಈ ಡಬ್ಬಿಗೆ ಹಾಕಿ,” ಎಂದು ಹೇಳಿ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟರು. ಯಾಕೆ ಎಂದು ಮಕ್ಕಳು ಕೇಳಿದ್ದಕ್ಕೆ ಸುಳ್ಳು ಹೇಳಲು ಬಾರದೆ, ಸೋಪಿಗೆ ಎಂದೂ ಹೇಳಿಬಿಟ್ಟರು.

ಮೇಷ್ಟ್ರಿಗೆ ತಾಯಿಯಿಲ್ಲದ ಮನೆಯ ಬಟ್ಟೆ ಒಗೆಯುವ ಕಷ್ಟ ಎಂದು ಅಷ್ಟು ಸಣ್ಣ ಮಕ್ಕಳಿಗೂ ಗೊತ್ತಿತ್ತು. ಚೂರು ಮುಗಿದ ಮೇಲೆ ಅರ್ಧ ಬಳಪ ಹಾಕಿದರು, ಅರ್ಧ ಮುಗಿದ ಮೇಲೆ ಇಡೀ ಬಳಪವನ್ನೇ ಮುರಿದು ಹಾಕಿದರು. ಒಬ್ಬ ತಾಯಿ ಶಾಲೆಯ ಬಾಗಿಲಿಗೇ ಬಂದು, “ಮೇಷ್ಟ್ರೇ, ನನ್ನ ಮಗ ದಿನಕ್ಕೊಂದು ಬಳಪ ಕೇಳ್ತಾನೆ. ಒಂದಕ್ಸರ ಬರಿಯಾಕಿಲ್ಲ. ಅದೇನು ತಿಂತಾನೋ ನೋಡಿ ಒಸಿ,” ಅಂದಳು. ಅಪ್ಪ ಡಬ್ಬಿ ಬಗ್ಗಿಸಿ ನೋಡಿಕೊಂಡದ್ದು ಆಗಲೇ.

ಮರುದಿನವೇ ಡಬ್ಬಿ ಎತ್ತಿಬಿಡಬೇಕು ಅಂದುಕೊಂಡಿದ್ದರು. ಆದರೆ ಮರುದಿನವೇ ಶಾಲಾ ಇನ್‌ಸ್ಪೆಕ್ಟರು ಬಂದರು. ಅಪ್ಪ ಹೊಸ ಸೋಪಿನಲ್ಲಿ ಒಗೆದ, ತೂತಿಲ್ಲದ ಪಂಚೆ ಉಟ್ಟು ನಿಂತಿದ್ದರು. ಇನ್‌ಸ್ಪೆಕ್ಟರು ತರಗತಿಯ ಮುಂದೆ ಕುಳಿತು, “ಎಲ್ಲರೂ ಸ್ಲೇಟು ತೆಗೀರಿ, ಉಕ್ತಲೇಖನ,” ಎಂದರು. ಸ್ಲೇಟು ಬಂತು. ಬಳಪ ಒಬ್ಬರ ಹತ್ತಿರವೂ ಇರಲಿಲ್ಲ.

“ಇದೇನ್ರೀ ಮೇಷ್ಟ್ರೇ, ಇಡೀ ಕ್ಲಾಸಿಗೆ ಒಂದು ಬಳಪ ಇಲ್ವಾ? ಎಲ್ಲಿ ಮರೀ, ನಿನ್ನ ಬಳಪ ಎಲ್ಲಿ?”

ಮುಂದಿನ ಸಾಲಿನ ಪುಟ್ಟ ಹುಡುಗಿ ಎದ್ದು ಕೈ ಕಟ್ಟಿಕೊಂಡು, ಅಪ್ಪನ ಕಡೆ ಹೆಮ್ಮೆಯಿಂದ ನೋಡಿ ಹೇಳಿತು: “ಮೇಷ್ಟ್ರ ಪಂಚೇಲೈತೆ, ಸಾ.”

ಹದಿಮೂರರ ತನಕ

ಗಂಡಸು ಕಲ್ಲಿನ ಮೇಲೆ ಬಟ್ಟೆ ಬಡಿಯುವುದನ್ನು ಊರು ನೋಡಬಾರದೆಂದು ಅಪ್ಪ ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ಹೀರೆಯ ಚಪ್ಪರ ಹಾಕಿದರು. ನಮ್ಮ ಹಿತ್ತಲಿಗೂ ಪಕ್ಕದ ಗೌಡರ ಮನೆಯ ಹಿತ್ತಲಿಗೂ ನಡುವೆ ಆಳೆತ್ತರದ ಮಣ್ಣುಗೋಡೆ. ಯಾರಿಗೂ ಕಾಣುತ್ತಿರಲಿಲ್ಲ. ಒಗೆದದ್ದನ್ನು ಒಣಹಾಕಲು ಚಪ್ಪರದ ಕಂಬದಿಂದ ನುಗ್ಗೆ ಮರಕ್ಕೆ ಹಗ್ಗ. “ನುಗ್ಗೆಗೆ ಕಟ್ಟಬೇಡಿ, ಅದು ನಂಬೋ ಮರ ಅಲ್ಲ,” ಎಂದು ಅಮ್ಮ ಮೊದಲಿಂದ ಹೇಳುತ್ತಿದ್ದಳು. ಅಪ್ಪ ಅಲ್ಲಿಗೇ ಕಟ್ಟಿದರು.

ಕಾಣದಂತೆ ಮಾಡಿದರೇನು, ಕೇಳಿಸುತ್ತಿತ್ತಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿ. ಬಟ್ಟೆ ಎತ್ತಿ ಬಡಿಯುವಾಗ ಅದಕ್ಕೊಂದು ತಾಳ ಬೇಕು. ಅಪ್ಪನಿಗೆ ಗೊತ್ತಿದ್ದದ್ದು ಒಂದೇ ತಾಳ. ಭಾನುವಾರ ಬೆಳಿಗ್ಗೆ ಒಗೆಯಲು ನಿಂತರೆ, ಎರಡೊಂದ್ಲ ಎರಡು, ದಪ್. ಎರಡೆರಡ್ಲ ನಾಲ್ಕು, ದಪ್. ಟವಲಿಗೆ ಒಂದು ಮಗ್ಗಿ, ನನ್ನ ಲಂಗಕ್ಕೆ ಒಂದು, ಪಂಚೆಗೆ ಎರಡು, ಹಚ್ಚಡಕ್ಕೆ ಮೂರು. ವಾರದ ಬಟ್ಟೆ ಮುಗಿಯುವಾಗ ಸರಿಯಾಗಿ ಹದಿಮೂರ್ಹತ್ಲ ನೂರಮೂವತ್ತು.

ಪಕ್ಕದ ಮನೆ ಅಜ್ಜಿ, ಹಣೆ ತುಂಬ ಕುಂಕುಮದ ದಪ್ಪನೆಯ ಅಜ್ಜಿ, ದೂರದ ಕಣ್ಣು ಮಂದ, ಕಿವಿ ಮಾತ್ರ ಚುರುಕು. ಒಂದು ದಿನ ಬಾವಿಯ ಹತ್ತಿರ ನನ್ನನ್ನು ನಿಲ್ಲಿಸಿ, “ಕೂಸೇ, ಹನ್ನೆರಡೇಳ್ಲ ಎಂಬತ್ನಾಕು, ಸರಿಯೇನವ್ವ?” ಅಂತು.

“ಸರಿ ಅಜ್ಜಿ. ಯಾರು ಹೇಳಿಕೊಟ್ಟರು?”

“ನಿಮ್ಮಪ್ಪ. ಗ್ವಾಡೆ ಆಚೆಯಿಂದ. ಸ್ಕೂಲು ಮೆಟ್ಲು ಅತ್ತಿದೋಳಲ್ಲ ನಾನು, ಈಗ ಹದಿಮೂರರ ತಂಕ ಬಾಯಿಗ್ ಬತ್ತದೆ. ಬೆಣ್ಣೆ ಮಾರಾಗ ಯಾರೂ ಮೋಸ ಮಾಡಂಗಿಲ್ಲ.”

ನನಗೆ ನಗು ತಡೆಯಲಾಗಲಿಲ್ಲ. “ಹದಿಮೂರಕ್ಕೇ ಯಾಕೆ ನಿಲ್ಲಿಸಿದಿರಿ ಅಜ್ಜಿ, ಮುಂದಕ್ಕೂ ಕಲೀರಿ,” ಅಂದೆ.

“ನಾನೆಲ್ಲಿ ನಿಲ್ಸಿದ್ನವ್ವ, ನಿಮ್ಮಪ್ಪ ನಿಲ್ಸ್ತಾರೆ. ಬಟ್ಟೆ ಮುಗೀತದಲ್ಲ. ನಿಮ್ಮನೇಲಿ ಸೀರೆ ಅಂತ ಒಂದಿದ್ದಿದ್ರೆ ಇಪ್ಪತ್ತರ ತಂಕ ಕಲ್ತ್ಬುಡ್ತಿದ್ದೆ ಕನವ್ವ.”

ಹೇಳಿಬಿಟ್ಟ ಮೇಲೆ ಅಜ್ಜಿಗೆ ಏನು ಹೇಳಿದೆ ಎಂದು ಗೊತ್ತಾಯಿತು. ನನ್ನ ಕೊಡವನ್ನು ತಾನೇ ಎತ್ತಿಕೊಂಡು ನಮ್ಮ ಬಾಗಿಲ ತನಕ ಬಂತು.

ಹೊಸ ಹೆಣ್ಣು

ಸೀರೆ ಇತ್ತು. ಅಜ್ಜಿಗೆ ಗೊತ್ತಿರಲಿಲ್ಲ, ಅಷ್ಟೇ. ಮಿಕ್ಕದ್ದನ್ನೆಲ್ಲ ದಾನ ಕೊಟ್ಟಾಗಿತ್ತು. ಜ್ವರ ಬಂದ ದಿನ ಅಮ್ಮ ಬಿಚ್ಚಿಹಾಕಿದ ಹಸಿರು ಸೀರೆ, ಸಾಸಿವೆ ಬಣ್ಣದ ಅಂಚಿನದು, ಒಗೆಯದೆ ಹಾಗೇ ಮಡಿಸಿ ಅಪ್ಪನ ಟ್ರಂಕಿನ ತಳದಲ್ಲಿತ್ತು. ನನಗೆ ಗೊತ್ತಿತ್ತು. ನನಗೆ ಗೊತ್ತು ಎಂದು ಅಪ್ಪನಿಗೆ ಗೊತ್ತಿರಲಿಲ್ಲ.

ಆ ವರ್ಷ ನಮಗೆ ಹಬ್ಬವಿರಲಿಲ್ಲ. ಯುಗಾದಿ ಮುಗಿದ ಮೇಲಿನ ಶನಿವಾರ ಅತ್ತೆ ಬಾಣಾವರದ ಬಸ್ಸಿನಿಂದ ಇಳಿದರು. ಕಾಲು ತೊಳೆದವರೇ ಪರೀಕ್ಷೆ ಶುರು ಮಾಡಿದರು. ಹಿತ್ತಲಿಗೆ ಹೋಗಿ ದಂಟು, ಹೀರೆ, ಮೆಣಸಿನ ಪಾತಿ ಎಲ್ಲ ನೋಡಿದರು. ಹಗ್ಗದ ಮೇಲಿದ್ದ ಪಂಚೆಯನ್ನು ಬಿಸಿಲಿಗೆ ಹಿಡಿದು ನೋಡಿದರು, ಒಂದು ತೂತೂ ಇರಲಿಲ್ಲ. ಅಪ್ಪ ಮಾಡಿದ ದಂಟಿನ ಹುಳಿಯನ್ನು ಎರಡು ಸಲ ಹಾಕಿಸಿಕೊಂಡರು. “ಪರವಾಗಿಲ್ಲ ಕಣೋ ಅಣ್ಣ,” ಅಂದರು. ನನಗೆ ಬೇಲೂರಿನ ಬಸ್ಸಿನ ಹಾರ್ನು ಕೇಳಿಸಿದ ಹಾಗಾಯಿತು.

ಸಾಯಂಕಾಲ ಹೊದೆಯಲು ಹಚ್ಚಡ ಬೇಕೆಂದು ಅತ್ತೆ ಟ್ರಂಕು ತೆಗೆದರು.

“ಅಣ್ಣ, ಇದು ಯಾಕೆ ಹೀಗೇ ಇದೆ?”

ಅಪ್ಪ ತಲೆ ತಗ್ಗಿಸಿದರು. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ.

“ಐದು ತಿಂಗಳ ಮೇಲಾಯ್ತಲ್ಲೋ. ಎಲ್ಲಾ ಬೆಳ್ಳಗೆ ಮಾಡಿದೀಯ, ಇದನ್ನೊಂದು ಒಗೆಯಕ್ಕೆ ಆಗಲಿಲ್ವಾ? ಇದನ್ನ ಒಗೆಯೋ ತನಕ ಈ ಮನೇಲಿ ಹೆಣ್ಣುಮಗು ಬೆಳೆಯೋದು ನನಗೆ ಸರಿ ಕಾಣಲ್ಲ. ನಾಳೆ ಇವಳನ್ನ ಕರ್ಕೊಂಡು ಹೋಗ್ತೀನಿ.”

ಅತ್ತೆ ಕೆಟ್ಟವರಲ್ಲ. ಸೀರೆಯನ್ನು ಮಡಿಕೆ ಕೆಡದ ಹಾಗೆ ಮತ್ತೆ ಅಲ್ಲೇ ಇಟ್ಟರು. ಆದರೆ ಹೇಳಿದರೆ ಹೇಳಿದಂತೆ. ಭಾನುವಾರ ಬೆಳಿಗ್ಗೆ ನನ್ನ ಪೆಟ್ಟಿಗೆ ಹಿಂದಿನ ಜಗುಲಿಗೆ ಬಂದಿತ್ತು. ನಾನು ಅದರ ಮೇಲೆ ಕುಳಿತಿದ್ದೆ. ಅತ್ತೆ ಎಣ್ಣೆನೀರು ಹಾಕಿಕೊಂಡು ಕೂದಲು ಹರವಿ, ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕುಳಿತಿದ್ದರು. ಅಪ್ಪ ವಾರದ ಬಟ್ಟೆ ಒಗೆಯುತ್ತಿದ್ದರು. ಹದಿಮೂರ್ಹತ್ಲ ನೂರಮೂವತ್ತು. ನಿಂತಿತು.

ಅಪ್ಪ ಕೈ ಒರೆಸಿಕೊಂಡು ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ಹಸಿರು ಸೀರೆ, ಇನ್ನೊಂದು ಕೈಯಲ್ಲಿ ಗೂಡಿನಲ್ಲಿದ್ದ ಅಮ್ಮನ ಸೋಪು. ಸೀರೆಯನ್ನು ಒಂದು ಸಲ ಮುಖಕ್ಕೆ ಒತ್ತಿಕೊಂಡು ನೀರಿಗೆ ಹಾಕಿದರು. ಹದಿನಾಲ್ಕೊಂದ್ಲ ಹದಿನಾಲ್ಕು. ಮಗುವಿನ ಬೆನ್ನು ತಟ್ಟುವ ಹಾಗೆ ಬಡಿಯುತ್ತಿದ್ದರು, ಆದ್ದರಿಂದ ದಪ್ ಎಂಬ ಸದ್ದಿಲ್ಲ, ಬರೀ ಮಗ್ಗಿ. ಹದಿನೇಳೆಂಟ್ಲ ನೂರಿಪ್ಪತ್ತ... ಎಂದು ತಪ್ಪಿದರು. ಅಪ್ಪನ ಮಗ್ಗಿ ತಪ್ಪಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಿದ್ದಿಕೊಂಡು ಮುಂದುವರಿದರು. ಇಪ್ಪತ್ಹತ್ಲ ಇನ್ನೂರು ಆಗುವಾಗ ಅಮ್ಮನ ಸೋಪು ಅವರ ಕೈಯಲ್ಲಿ ಕರಗಿ ಮುಗಿದಿತ್ತು. ಸೀರೆಯನ್ನು ಹಿಂಡಿ ಹಗ್ಗದ ಮೇಲೆ ಹರವಿದರು.

ಆಗ ಹಿತ್ತಲ ಬಾಗಿಲು ದೂಡಿಕೊಂಡು ಪಕ್ಕದ ಮನೆ ಅಜ್ಜಿ ಬಂತು. ಗೆಂಡೆಹಳ್ಳಿಯ ಮಗಳ ಮನೆಗೆ ಹೋಗಿ ಎಂಟು ದಿನ ಇದ್ದು ಅವತ್ತೇ ಬೆಳಿಗ್ಗೆ ಬಂದಿತ್ತು. ಕೈಯಲ್ಲಿ ತಟ್ಟೆ, ತಟ್ಟೆ ತುಂಬ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಅರಿಶಿನ ಕುಂಕುಮ.

“ಏನ್ ಮೇಷ್ಟ್ರೇ, ಯಾರ್ಗೂ ಯೇಳ್ದೆ ಕೇಳ್ದೆ ಮುಗಿಸ್ಕಂಡ್ಬುಟ್ರಾ? ನಾನು ಊರಿಂದ ಬಂದು ಕಾಲು ತೊಳಿಯೋ ವೊತ್ಗೆ ಮಗ್ಗಿ ಇಪ್ಪತ್ತು ಮುಟ್ಟೈತೆ! ನಂಗೆ ಆಗ್ಲೇ ಗೊತ್ತಾಯ್ತು, ಮನೇಗೆ ಸೀರೆ ಬಂದೈತೆ ಅಂತ. ಎಲ್ಲವ್ಳೆ ಹೊಸ ಹೆಣ್ಣು? ಮಡ್ಲು ತುಂಬ್ಬುಟ್ಟು ಹೋಯ್ತೀನಿ.”

ಅಜ್ಜಿಯ ಮಂದ ಕಣ್ಣಿಗೆ ಮೆಟ್ಟಿಲ ಮೇಲೆ ಕೂದಲು ಹರವಿ ಕುಳಿತ ಹೆಂಗಸು ಕಾಣಿಸಿತು. ತಟ್ಟೆ ಹಿಡಿದು ಅಲ್ಲಿಗೇ ಹೋಗಿ, ಮೇಲಿಂದ ಕೆಳಗೆ ನೋಡಿ, ಅಪ್ಪನ ಕಡೆ ತಿರುಗಿ ಸಮಾಧಾನದ ದನಿಯಲ್ಲಿ ಅಂತು: “ವಯಸ್ಸು ಒಸಿ ಜಾಸ್ತಿನೇ ಆಯ್ತು. ಆಗ್ಲಿ ಬುಡಿ, ಮನೆಗೊಂದು ದಿಕ್ಕಾಯ್ತಲ್ಲ.”

“ಅಯ್ಯೋ ಅಜ್ಜೀ! ನಾನು ತಂಗಿ ಕಣ್ರೀ!” ಎಂದು ಅತ್ತೆ ಕಾಫಿ ಚೆಲ್ಲಿಕೊಂಡು ಎದ್ದರು.

“ಮತ್ತೆ ಸೀರೆ ಯಾರ್ದು?”

ಅಪ್ಪ ಹಗ್ಗದ ಕಡೆ ನೋಡಿದರು. “ಹೊಸಬಳದ್ದಲ್ಲ ಅಜ್ಜಿ. ಹಳಬಳದ್ದೇ,” ಅಂದರು.

ಅಜ್ಜಿ ಹತ್ತಿರ ಹೋಗಿ ಸೆರಗನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿತು. “ಮೇಷ್ಟ್ರಮ್ಮಂದು,” ಎಂದಿತು. ಆಮೇಲೆ ತಟ್ಟೆ ಹಿಡಿದುಕೊಂಡು ನನ್ನ ಕಡೆ ಬಂತು. “ಮಡ್ಲಕ್ಕಿ ತಂದಿದ್ದ ವಾಪಸ್ ವೊಯ್ಯಂಗಿಲ್ಲ. ಕೂಸೇ, ನೀನೇ ಮಡ್ಲು ಒಡ್ಡವ್ವ.”

“ಅವಳ ಮಡಿಲಿಗೆ ಬೇಡ ಅಜ್ಜಿ,” ಅಂದರು ಅತ್ತೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. “ಅದಕ್ಕಿನ್ನೂ ಕಾಲ ಇದೆ. ಅವಳು ಬೇಲೂರಿಗೆ ಓದಕ್ಕೆ ಹೋಗೋಳು.”

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅಪ್ಪನ ಕಡೆ ನೋಡಿದೆ. ಅಪ್ಪ ನಮಗೆ ಬೆನ್ನು ಹಾಕಿ ಹೀರೆಯ ಎಲೆಗಳನ್ನು ಎಣಿಸುವವರ ಹಾಗೆ ನಿಂತಿದ್ದರು.

ಅಜ್ಜಿ ತಟ್ಟೆ ಹಿಡಿದುಕೊಂಡೇ ತಿರುಗಿತು. ನೇರ ಹಗ್ಗದ ಹತ್ತಿರ ಹೋಗಿ, ಒದ್ದೆ ಸೆರಗಿಗೆ ಅರಿಶಿನ ಕುಂಕುಮ ಹಚ್ಚಿ, ಮಡಿಲು ಮಾಡಿ ಅಕ್ಕಿ ಸುರಿಯಿತು. ಅತ್ತೆ ಇಳಿದು ಬಂದು ಇನ್ನೊಂದು ತುದಿ ಹಿಡಿದುಕೊಂಡರು. ಬೆಲ್ಲ ಇಟ್ಟಾಯಿತು. ತೆಂಗಿನಕಾಯಿ ಇಟ್ಟು ಗಂಟು ಹಾಕಿ ಕೈ ಬಿಟ್ಟರು, ಅಷ್ಟೇ. ಲಟ್ಟನೆ ನುಗ್ಗೆಯ ಕೊಂಬೆ ಮುರಿದು, ಹಗ್ಗ, ಸೀರೆ, ಪಂಚೆ, ಅಕ್ಕಿ, ಬೆಲ್ಲ ಎಲ್ಲವೂ ಆಗಷ್ಟೇ ನೀರು ಹಾಕಿದ್ದ ಮೆಣಸಿನ ಪಾತಿಯ ಕೆಸರಿಗೆ ಬಿದ್ದವು. ತೆಂಗಿನಕಾಯಿ ಉರುಳಿಕೊಂಡು ಹೋಗಿ ಒಗೆಯುವ ಕಲ್ಲಿಗೆ ಬಡಿದು ನಿಂತಿತು.

ಅಪ್ಪ ತಿರುಗಿ ನೋಡಿ ಅಂದರು: “ನುಗ್ಗೆಗೆ ಕಟ್ಟಬೇಡಿ ಅಂತ ಅವಳು ಬಡ್ಕೋತಾನೇ ಇದ್ದಳು.”

ಮೊದಲು ಅತ್ತೆ ನಕ್ಕರು. ಆಮೇಲೆ ಅಜ್ಜಿ, ಹೊಟ್ಟೆ ಹಿಡಿದುಕೊಂಡು. ಆಮೇಲೆ ಅಪ್ಪ. ನಕ್ಕು ನಕ್ಕು ಎಲ್ಲರೂ ಅಳುವುದಕ್ಕೆ ಶುರು ಮಾಡಿದೆವು. ಅಮ್ಮ ಹೋದ ದಿನ ನನಗೆ ಅಳು ಬಂದಿರಲಿಲ್ಲ, ಅವತ್ತು ಬಂತು.

ಅಪ್ಪ ಕೆಸರಾದ ಸೀರೆಯನ್ನು ಎತ್ತಿಕೊಂಡು ಮತ್ತೆ ಕಲ್ಲಿನ ಹತ್ತಿರ ಹೋದರು. ಅಮ್ಮನ ಸೋಪು ಮುಗಿದಿತ್ತು. ತಮ್ಮದನ್ನೇ ತೆಗೆದುಕೊಂಡು ತಿಕ್ಕಿದರು, ನೊರೆ ಬಂತು. ಬಾಯಿ ತೆರೆದರೆ ಮಾತ್ರ ಸ್ವರ ಹೊರಡಲಿಲ್ಲ.

“ನೀವು ಒಗೀರಿ ಮೇಷ್ಟ್ರೇ, ನಾನು ಯೇಳ್ತೀನಿ,” ಎಂದು ಅಜ್ಜಿ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಎರಡರಿಂದ ಶುರು ಮಾಡಿತು. ಒಂದೂ ತಪ್ಪಲಿಲ್ಲ. ಸೀರೆಗೆ ಏಳು ಮಗ್ಗಿ ಸಾಕಿತ್ತು, ಆದರೆ ಯಾರೂ ನಿಲ್ಲಿಸಲಿಲ್ಲ. ಹದಿಮೂರ್ಹತ್ಲ ನೂರಮೂವತ್ತು ಎಂದು ಹೇಳಿ ಅಜ್ಜಿ ನನ್ನ ಮುಖ ನೋಡಿತು. ಅದಕ್ಕೆ ಬರುತ್ತಿದ್ದದ್ದು ಅಲ್ಲಿಗೇ ಮುಗಿಯಿತು.

ನಾನು ಪೆಟ್ಟಿಗೆಯ ಮೇಲಿಂದ ಎದ್ದು ಬಂದು, ಹದಿನಾಲ್ಕೊಂದ್ಲ ಹದಿನಾಲ್ಕು ಎಂದೆ.